ಹೊಸ ಸ್ಟೋನ್‌ಫ್ಲೈ ಪ್ರಭೇದವನ್ನು ವಿವರಿಸುವುದು ಹೇಗೆ: ಹಳ್ಳದ ಕಲ್ಲಿನಿಂದ ಅಚ್ಚಾದ ಹೆಸರಿನವರೆಗೆ

ಮಲೆನಾಡಿನ ಹಳ್ಳದಲ್ಲಿ ನೀರು ಜೋರಾಗಿ ಹರಿಯುವ ಕಡೆ ಒಂದು ಕಲ್ಲು ಎತ್ತಿ ತಿರುಗಿಸಿ. ಕಲ್ಲಿನ ಅಡಿಗೆ ಅಂಟಿಕೊಂಡಿದ್ದ ಚಪ್ಪಟೆ ಮೈಯ ಹುಳವೊಂದು ಬೆಳಕಿಗೆ ಹೆದರಿ ಅಂಚಿನತ್ತ ಓಡುತ್ತದೆ. ಹಿಂದೆ ಎರಡು ಉದ್ದನೆಯ ಬಾಲ. ಎದೆಯ ಬದಿಯಲ್ಲಿ, ಕಾಲುಗಳ ಬುಡದಲ್ಲಿ, ಬಿಳಿ ದಾರದ ಗೊಂಡೆಯಂಥ ಕಿವಿರು. ಅದು ಸ್ಟೋನ್‌ಫ್ಲೈ ಮರಿ. ಕಲ್ಲುನೊಣ ಎಂದು ಕರೆಯಬಹುದು, ಆದರೆ ಇದು ನೊಣದ ಗುಂಪಿಗೆ ಸೇರಿದ್ದಲ್ಲ. ಪ್ಲೆಕಾಪ್ಟೆರಾ ಎಂಬ ಬೇರೆಯೇ ಗಣ. ಜಗತ್ತಿನಲ್ಲಿ ಇದರ 3,500ಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರಿದೆ.

ಪಶ್ಚಿಮ ಘಟ್ಟದಲ್ಲಿ ಕೆಲಸ ಮಾಡುವವರಿಗೆ ಹೆಚ್ಚಾಗಿ ಸಿಗುವುದು ಪರ್ಲಿಡೇ ಕುಟುಂಬದವು. ಅದರಲ್ಲೂ ನಿಯೋಪರ್ಲಾ ಕುಲ. ಏಷ್ಯಾದಲ್ಲೇ ಇದರ ನೂರಾರು ಪ್ರಭೇದಗಳಿವೆ. ಹೊರಗಿನಿಂದ ನೋಡಿದರೆ ಬಹುತೇಕ ಎಲ್ಲವೂ ಒಂದೇ ಥರ: ಕಂದು ಹಳದಿ ಮೈ, ಬೆನ್ನಿನ ಮೇಲೆ ಚಪ್ಪಟೆಯಾಗಿ ಮಡಚಿಟ್ಟ ತೆಳು ರೆಕ್ಕೆ. ಹಾಗಾಗಿ ಈ ಮಾರ್ಗದರ್ಶಿಯನ್ನು ನಿಯೋಪರ್ಲಾ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಇದರಲ್ಲಿ ಕೈ ಪಳಗಿದರೆ ಬೇರೆ ಕುಲಗಳ ಕೆಲಸವೂ ಅರ್ಥವಾಗುತ್ತದೆ.

ಮೊದಲೇ ಒಂದು ಮಾತು. ಹೊಸ ಪ್ರಭೇದ ವಿವರಿಸುವ ಕೆಲಸದಲ್ಲಿ ಮುಕ್ಕಾಲು ಪಾಲು ಹೋಗುವುದು ಹಳೆಯ ಪ್ರಭೇದಗಳನ್ನು ಓದುವುದಕ್ಕೆ, ನೋಡುವುದಕ್ಕೆ. ನಿಮ್ಮ ಹುಳ ಯಾರೂ ಕಾಣದ್ದು ಎಂದು ಹೇಳಬೇಕಾದರೆ, ಈವರೆಗೆ ಬೇರೆಯವರು ಕಂಡಿದ್ದೆಲ್ಲ ನಿಮಗೆ ಗೊತ್ತಿರಬೇಕು, ಅಲ್ವಾ? ಅದಕ್ಕೆ ತಾಳ್ಮೆ ಬೇಕು. ಕಲ್ಲು ಎತ್ತಿದ ದಿನದಿಂದ ಹೆಸರು ಅಚ್ಚಾಗುವವರೆಗೆ ಎರಡು ಮೂರು ವರ್ಷ ಹಿಡಿದರೆ ಅದು ತಡ ಎಂದು ನನಗೆ ಅನಿಸುವುದಿಲ್ಲ.

1. ಹಳ್ಳಕ್ಕೆ ಇಳಿಯುವ ಮುನ್ನ ಅನುಮತಿ

ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳ ಒಳಗೆ ಒಂದು ಹುಳ ಹಿಡಿಯುವುದಕ್ಕೂ ಒಪ್ಪಿಗೆ ಬೇಕು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅರ್ಜಿ ಹಾಕಬೇಕು. ಮೀಸಲು ಅರಣ್ಯವಾದರೆ ಅರಣ್ಯ ಇಲಾಖೆಯನ್ನು ಕೇಳಿ. ತೋಟದೊಳಗಿನ ಹಳ್ಳವಾದರೆ ತೋಟದವರನ್ನು ಕೇಳಿ. ಯಾವ ಹುಳ, ಎಷ್ಟು, ಯಾವ ವಿಧಾನದಿಂದ, ಕೊನೆಗೆ ಎಲ್ಲಿ ಇಡುತ್ತೀರಿ ಎಂಬುದನ್ನೆಲ್ಲ ಅರ್ಜಿಯಲ್ಲೇ ಬರೆಯಿರಿ. ಈ ಪತ್ರದ ಸಂಖ್ಯೆ ಮುಂದೆ ನಿಮ್ಮ ಲೇಖನದಲ್ಲಿ ಅಚ್ಚಾಗುತ್ತದೆ. ಅನುಮತಿ ಇಲ್ಲದೆ ಹಿಡಿದ ಹುಳದ ಮೇಲೆ ಬರೆದ ಲೇಖನವನ್ನು ಒಳ್ಳೆಯ ಪತ್ರಿಕೆಗಳು ತೆಗೆದುಕೊಳ್ಳುವುದಿಲ್ಲ.

2. ಹುಡುಕುವುದು ಮತ್ತು ಹಿಡಿಯುವುದು

ಸ್ಟೋನ್‌ಫ್ಲೈಗೆ ತಂಪಾದ, ಹರಿಯುವ, ಆಮ್ಲಜನಕ ತುಂಬಿದ ನೀರು ಬೇಕು. ಕಾಫಿ ಪಲ್ಪರ್ ನೀರು ಸೇರುವ ಹಳ್ಳದಲ್ಲಿ ಇದನ್ನು ಹುಡುಕಿ ಪ್ರಯೋಜನವಿಲ್ಲ. ಬ್ರಿಟನ್‌ನಲ್ಲಿ ನೀರಿನ ಗುಣ ಅಳೆಯಲು ಮಾಡಿದ ಬಿಎಂಡಬ್ಲ್ಯುಪಿ ಎಂಬ ಪದ್ಧತಿಯಲ್ಲಿ ಪ್ರತಿ ಕುಟುಂಬಕ್ಕೂ 1ರಿಂದ 10ರವರೆಗೆ ಅಂಕವಿದೆ. ಪರ್ಲಿಡೇಗೆ ಪೂರ್ತಿ 10. ಕೊಳಕು ನೀರಿನಿಂದ ಮೊದಲು ಕಾಣೆಯಾಗುವ ಜೀವಿಗಳಲ್ಲಿ ಇದೂ ಒಂದು ಎಂದು ಇದರ ಅರ್ಥ.

ಮರಿ ಹಿಡಿಯುವುದು ಸುಲಭ. ನೀರು ಬರುವ ದಿಕ್ಕಿಗೆ ಬಾಯಿ ಮಾಡಿ ಬಲೆ ಹಿಡಿಯಿರಿ, ಬಲೆಯ ಮುಂದಿನ ಕಲ್ಲುಗಳನ್ನು ಕಾಲಿನಿಂದ ಕೆದಕಿ. ಹುಳ ತೇಲಿ ಬಲೆಗೆ ಬೀಳುತ್ತದೆ. ಇಂಥದ್ದೇ ಹಳ್ಳದ ಇನ್ನೊಂದು ಹುಳವಾದ ಮೇಫ್ಲೈಯ ಮರಿಗಳೂ ಜೊತೆಗೆ ಬರುತ್ತವೆ. ಗುರುತಿಸುವುದು ಹೀಗೆ: ಮೇಫ್ಲೈ ಮರಿಯ ಕಾಲಿನ ತುದಿಯಲ್ಲಿ ಒಂದೇ ಉಗುರು, ಹೊಟ್ಟೆಯ ಬದಿಯಲ್ಲಿ ಕಿವಿರು, ಸಾಮಾನ್ಯವಾಗಿ ಮೂರು ಬಾಲ. ಸ್ಟೋನ್‌ಫ್ಲೈಗೆ ಎರಡು ಉಗುರು, ಎರಡೇ ಬಾಲ. ಎತ್ತಿದ ಕಲ್ಲನ್ನು ಮೊದಲಿದ್ದ ಹಾಗೇ ಮಗುಚಿ ಇಡಿ. ಅದು ಎಷ್ಟೋ ಜೀವಿಗಳ ಮನೆ.

ಆದರೆ ಮರಿ ಮಾತ್ರ ಇಟ್ಟುಕೊಂಡು ನಿಯೋಪರ್ಲಾದಲ್ಲಿ ಹೊಸ ಪ್ರಭೇದ ಬರೆಯಲು ಹೋಗಬೇಡಿ. ಬೆಳೆದ ಗಂಡು ಬೇಕೇ ಬೇಕು. ಸಂಜೆ ಕತ್ತಲಾಗುವ ಹೊತ್ತಿಗೆ ಹಳ್ಳದ ಪಕ್ಕದಲ್ಲಿ ಬಿಳಿ ಪಂಚೆ ಕಟ್ಟಿ, ಅದರ ಮುಂದೆ ದೀಪ ಹಾಕಿ ಕೂತರೆ ಬರುತ್ತವೆ. ನನ್ನ ಅನುಭವದಲ್ಲಿ ಕತ್ತಲಾದ ಮೊದಲ ಎರಡು ಗಂಟೆಗಳಲ್ಲೇ ಜಾಸ್ತಿ ಸಿಗುತ್ತವೆ. ಹಗಲಲ್ಲಿ ಹಳ್ಳದ ಬದಿಯ ಪೊದೆಗಳ ಮೇಲೆ ಕೋಲಿನಿಂದ ಬಡಿದು, ಕೆಳಗೆ ಬಿಚ್ಚಿದ ಕೊಡೆ ಹಿಡಿದರೂ ಕೆಲವು ಬೀಳುತ್ತವೆ.

ಇನ್ನೊಂದು ದಾರಿ ಇದೆ, ನನಗೆ ಬಹಳ ಇಷ್ಟವಾದದ್ದು. ರೆಕ್ಕೆಯ ಮೊಳಕೆ ಕಪ್ಪಾಗಿ ಬಲಿತ ಮರಿಗಳನ್ನು ತಂದು ತಂಪಾದ ನೀರಿನಲ್ಲಿ ಸಾಕಿ. ನೀರಿಗೆ ಗಾಳಿ ಊದುವ ಪಂಪ್ ಇರಲಿ. ಮೇಲೆ ಹತ್ತಲು ಒಂದು ಕಲ್ಲು, ಹಾರಿಹೋಗದಂತೆ ಪರದೆ. ಸ್ಟೋನ್‌ಫ್ಲೈಗೆ ಚಿಟ್ಟೆಯಂತೆ ಕೋಶದ ಹಂತವಿಲ್ಲ. ಬಲಿತ ಮರಿ ನೀರಿನಿಂದ ಮೇಲೆ ಬಂದು, ಕಲ್ಲಿಗೆ ಅಂಟಿ ನಿಂತು, ಬೆನ್ನು ಸೀಳಿ ರೆಕ್ಕೆಯ ಹುಳವಾಗಿ ಹೊರಬರುತ್ತದೆ. ಹಾಗೆ ಬಂದ ಗಂಡು ಮತ್ತು ಅದು ಬಿಟ್ಟ ಪೊರೆ ಎರಡನ್ನೂ ಒಂದೇ ಬಾಟಲಿಯಲ್ಲಿ ಇಡಿ. ಈ ಮರಿ ಈ ಪ್ರಭೇದದ್ದೇ ಎಂದು ನೀವು ಧೈರ್ಯವಾಗಿ ಬರೆಯಬಹುದು. ಒಂದೇ ಹಳ್ಳದಲ್ಲಿ ಸಿಕ್ಕವು ಎಂಬ ಕಾರಣಕ್ಕೆ ಮರಿ ಮತ್ತು ದೊಡ್ಡದನ್ನು ಜೋಡಿಸುವುದು ತಪ್ಪು. ಒಂದೇ ಹಳ್ಳದಲ್ಲಿ ಎರಡು ಮೂರು ನಿಯೋಪರ್ಲಾ ಒಟ್ಟಿಗೆ ಇರಬಹುದು.

3. ಬಾಟಲಿ ಮತ್ತು ಚೀಟಿ

ಸ್ಟೋನ್‌ಫ್ಲೈಯನ್ನು ದುಂಬಿಯಂತೆ ಸೂಜಿಗೆ ಚುಚ್ಚಿ ಒಣಗಿಸಬೇಡಿ, ಮೆತ್ತನೆಯ ಹೊಟ್ಟೆ ಸುಕ್ಕುಗಟ್ಟುತ್ತದೆ. ಎಥನಾಲ್‌ನಲ್ಲಿ ಇಡಿ. ಆಕಾರ ನೋಡುವುದಕ್ಕೆ ಶೇ 75ರಿಂದ 80ರದ್ದು ಸಾಕು, ಡಿಎನ್‌ಎ ಬೇಕಾದರೆ ಶೇ 95ಕ್ಕಿಂತ ಗಟ್ಟಿಯದು. ಮರುದಿನ ಎಥನಾಲ್ ಬದಲಿಸಿ. ಹುಳದ ಮೈಯ ನೀರು ಸೇರಿ ಅದು ತೆಳುವಾಗಿರುತ್ತದೆ.

ಗಂಡು ಜೀವಂತ ಸಿಕ್ಕರೆ ಅಲ್ಲೇ ಒಂದು ಕೆಲಸ ಮಾಡಿ. ಹೊಟ್ಟೆಯನ್ನು ಬುಡದಿಂದ ತುದಿಯತ್ತ ಮೆಲ್ಲಗೆ ಒತ್ತಿದರೆ ಜನನಾಂಗ ಹೊರಗೆ ಉಬ್ಬುತ್ತದೆ. ಆಗ ಒತ್ತಿ ಹಿಡಿದೇ ಗಟ್ಟಿ ಎಥನಾಲ್‌ಗೆ ಅದ್ದಿ. ಹಾಗೇ ಉಳಿದುಬಿಡುತ್ತದೆ. ಈ ಒಂದು ನಿಮಿಷದ ಕೆಲಸ ಮುಂದೆ ಸೂಕ್ಷ್ಮದರ್ಶಕದ ಕೆಳಗೆ ಗಂಟೆಗಟ್ಟಲೆ ಕಷ್ಟವನ್ನು ಉಳಿಸುತ್ತದೆ.

ಇನ್ನು ಚೀಟಿ. ಇದರ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ನಾನು ಶುರು ಮಾಡಿದ ವರ್ಷ ಹನ್ನೊಂದು ಬಾಟಲಿಗಳಿಗೆ ಬಾಲ್‌ಪೆನ್ನಿನಲ್ಲಿ ಚೀಟಿ ಬರೆದು ಹಾಕಿದ್ದೆ. ತಿಂಗಳು ಕಳೆದು ನೋಡಿದರೆ ಶಾಯಿ ಕರಗಿ ಎಥನಾಲ್ ನೀಲಿಯಾಗಿತ್ತು, ಕಾಗದ ಬಿಳಿಯಾಗಿತ್ತು. ಒಳಗೆ ಚಂದದ ಗಂಡುಗಳಿದ್ದವು. ಎಲ್ಲಿಯವು ಎಂದು ಹೇಳಲಾಗದ ಮೇಲೆ ಅವು ವಿಜ್ಞಾನಕ್ಕೆ ಇಲ್ಲದಂತೆಯೇ. ಆ ಬಾಟಲಿಗಳನ್ನು ನೋಡಿದರೆ ಈಗಲೂ ಸಂಕಟವಾಗುತ್ತದೆ, ಅಷ್ಟು ಜೀವಗಳನ್ನು ಕೊಂದು ಏನೂ ಉಳಿಯಲಿಲ್ಲವಲ್ಲ ಎಂದು. ಆದ್ದರಿಂದ ಪೆನ್ಸಿಲ್ ಬಳಸಿ, ಇಲ್ಲವೇ ಎಥನಾಲ್‌ಗೆ ಕರಗದ ಶಾಯಿ. ದಪ್ಪ ಕಾಗದ ಇರಲಿ. ಚೀಟಿ ಬಾಟಲಿಯ ಒಳಗೇ ಇರಬೇಕು. ಹೊರಗೆ ಅಂಟಿಸಿದ್ದು ಒಂದಲ್ಲ ಒಂದು ದಿನ ಕಿತ್ತು ಬೀಳುತ್ತದೆ.

ದೇಶ, ರಾಜ್ಯ, ಜಿಲ್ಲೆ, ಹತ್ತಿರದ ಊರು, ಹಳ್ಳದ ಹೆಸರು, ಅಕ್ಷಾಂಶ ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ದಿನಾಂಕ, ಹಿಡಿದ ವಿಧಾನ, ಹಿಡಿದವರ ಹೆಸರು. ಇವಿಷ್ಟೂ ಬೇಕು. ತಿಂಗಳನ್ನು ರೋಮನ್ ಅಂಕಿಯಲ್ಲಿ ಬರೆಯುವ ರೂಢಿ ಇದೆ, ಒಳ್ಳೆಯ ರೂಢಿ. 5 ಮತ್ತು 6 ಎಂದು ಬರೆದರೆ ಯಾವುದು ದಿನ, ಯಾವುದು ತಿಂಗಳು ಎಂದು ಬೇರೆ ದೇಶದವರಿಗೆ ಗೊಂದಲ. ಹಳ್ಳದ ಹೆಸರನ್ನು ಊರಿನವರನ್ನೇ ಕೇಳಿ ಬರೆದುಕೊಳ್ಳಿ. ನಕ್ಷೆಯಲ್ಲಿ ಇಲ್ಲದ ಎಷ್ಟೋ ಹಳ್ಳಗಳಿಗೆ ಊರಿನಲ್ಲಿ ಹೆಸರಿದೆ.

4. ಗಂಡಿನ ಹೊಟ್ಟೆಯ ತುದಿ

ಮನೆಗೆ ಬಂದ ಮೇಲೆ ನಿಜವಾದ ನೋಟ ಶುರು. ಮೊದಲು ಕುಲ ಖಚಿತ ಮಾಡಿಕೊಳ್ಳಿ. ಬಹುತೇಕ ಸ್ಟೋನ್‌ಫ್ಲೈಗಳ ತಲೆಯ ಮೇಲೆ ದೊಡ್ಡ ಕಣ್ಣುಗಳ ಜೊತೆಗೆ ಮೂರು ಪುಟ್ಟ ಸರಳ ಕಣ್ಣುಗಳಿರುತ್ತವೆ. ನಿಯೋಪರ್ಲಾದಲ್ಲಿ ಎರಡೇ. ಫಾನೋಪರ್ಲಾ ಎಂಬ ಹತ್ತಿರದ ಕುಲದಲ್ಲೂ ಎರಡೇ ಇರುವುದರಿಂದ ಅಷ್ಟಕ್ಕೇ ನಿಲ್ಲಬೇಡಿ, ಗಂಡಿನ ಹೊಟ್ಟೆಯ ತುದಿಯನ್ನೂ ನೋಡಿ.

ನಿಯೋಪರ್ಲಾ ಗಂಡಿನಲ್ಲಿ ನೋಡಬೇಕಾದ ಜಾಗ ಮೂರು. ಒಂದು, ಹೊಟ್ಟೆಯ ಏಳನೇ ಖಂಡದ ಬೆನ್ನು. ಅಲ್ಲಿ ಒಂದು ಉಬ್ಬು, ಅದರ ಮೇಲೆ ಗೂಟದಂಥ ಚಿಕ್ಕ ಚಿಕ್ಕ ಸಂವೇದಕಗಳು. ಎಂಟನೇ ಖಂಡವನ್ನೂ ಜೊತೆಗೇ ನೋಡಿ. ಎರಡು, ಹತ್ತನೇ ಖಂಡ. ಅದು ನಡುವೆ ಸೀಳಿ ಎರಡು ಭಾಗವಾಗಿರುತ್ತದೆ. ಎರಡರಿಂದಲೂ ಬೆರಳಿನಂಥ ಕೊಂಬು ಮುಂದಕ್ಕೆ ಚಾಚಿರುತ್ತದೆ. ಮೂರು, ಒಳಗಿರುವ ಜನನಾಂಗ. ಅದರಲ್ಲಿ ಗಟ್ಟಿ ಕೊಳವೆಯ ಭಾಗ ಒಂದು, ಅದರೊಳಗೆ ಮಡಚಿಕೊಂಡಿರುವ ಮೆತ್ತನೆಯ ಚೀಲ ಇನ್ನೊಂದು. ಚೀಲದ ಮೇಲೆ ಸಣ್ಣ ಮುಳ್ಳುಗಳಿವೆ. ಎಷ್ಟು, ಎಲ್ಲಿ, ಯಾವ ಸಾಲಿನಲ್ಲಿ, ಯಾವ ಗಾತ್ರದಲ್ಲಿ ಎಂಬುದರಲ್ಲೇ ಪ್ರಭೇದದ ಗುರುತು ಅಡಗಿದೆ. ಮೊದಲೆರಡು ಜಾಗ ಒಂದೇ ಥರ ಇದ್ದು ಚೀಲ ಮಾತ್ರ ಪೂರ್ತಿ ಬೇರೆ ಇರುವ ಪ್ರಭೇದಗಳಿವೆ. ಹಾಗಾಗಿ ಚೀಲ ನೋಡದೆ ಬರೆದ ವಿವರಣೆ ಅರ್ಧ ಬರೆದಂತೆ.

ಹಿಡಿಯುವಾಗಲೇ ಚೀಲ ಹೊರಗೆ ತೆಗೆದಿರದಿದ್ದರೆ ಈಗ ತೆಗೆಯಬೇಕು. ಹೊಟ್ಟೆಯ ಹಿಂದಿನ ಅರ್ಧವನ್ನು ಬ್ಲೇಡಿನಿಂದ ಬೇರೆ ಮಾಡಿ. ಶೇ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಹಾಕಿ ಬಿಸಿನೀರಿನ ಪಾತ್ರೆಯಲ್ಲಿ ಕೆಲವು ನಿಮಿಷ ಇಡಿ, ಅಥವಾ ಬಿಸಿ ಮಾಡದೆ ರಾತ್ರಿಯಿಡೀ ಬಿಡಿ. ಒಳಗಿನ ಮಾಂಸ ಕರಗಿ ಗಟ್ಟಿ ಭಾಗ ಮಾತ್ರ ಉಳಿಯುತ್ತದೆ. ಕೈಗೆ ಗವಸು, ಕಣ್ಣಿಗೆ ಕನ್ನಡಕ ಮರೆಯಬೇಡಿ, ಇದು ಚರ್ಮ ಸುಡುವ ದ್ರಾವಣ. ಆಮೇಲೆ ನೀರಿನಲ್ಲಿ ಚೆನ್ನಾಗಿ ತೊಳೆದು, ಒಂದೆರಡು ಹನಿ ವಿನೆಗರ್ ಸೇರಿಸಿದ ನೀರಿನಲ್ಲಿ ಅದ್ದಿ. ನಂತರ ಎರಡು ಸಣ್ಣ ಚಿಮಟ ಹಿಡಿದು, ಕಾಲುಚೀಲದ ಒಳಮಗ್ಗುಲನ್ನು ಹೊರಗೆ ತಿರುಗಿಸುವಂತೆ, ಮೆಲ್ಲಗೆ ಎಳೆಯಬೇಕು. ಅವಸರ ಮಾಡಿದರೆ ಹರಿಯುತ್ತದೆ. ಒಂದೇ ಗಂಡು ಇದ್ದಾಗ ಈ ಕೆಲಸಕ್ಕೆ ಕೈ ಹಾಕಬೇಡಿ. ಸಾಮಾನ್ಯ ಪ್ರಭೇದದ ಹತ್ತು ಹದಿನೈದು ಹುಳಗಳ ಮೇಲೆ ಮೊದಲು ಅಭ್ಯಾಸ ಮಾಡಿ.

ತೆಗೆದ ಭಾಗವನ್ನು ಗ್ಲಿಸರಿನ್ ಹಾಕಿದ ಪುಟ್ಟ ಬಾಟಲಿಯಲ್ಲಿಟ್ಟು, ಅದೇ ಹುಳದ ದೊಡ್ಡ ಬಾಟಲಿಯೊಳಗೆ ಇಳಿಸಿ. ಹುಳ ಒಂದು ಕಡೆ, ಅದರ ತುದಿ ಇನ್ನೊಂದು ಕಡೆ ಆದರೆ ಎಲ್ಲ ಕೆಲಸವೂ ನೀರುಪಾಲು.

ಹೆಣ್ಣಿನಲ್ಲಿ ವೀರ್ಯ ಸಂಗ್ರಹಿಸುವ ಚೀಲದ ಆಕಾರ ನೋಡಿ. ಮೊಟ್ಟೆಯನ್ನಂತೂ ಬಿಡಲೇಬೇಡಿ. ಮೊಟ್ಟೆಯ ಚಿಪ್ಪಿನ ಮೇಲೆ ಗೆರೆ, ಗುಳಿ, ಕುತ್ತಿಗೆಯ ಪಟ್ಟಿಯಂಥ ರಚನೆ ಇರುತ್ತದೆ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದು ಎಷ್ಟು ಸೊಗಸಾಗಿ ಕಾಣುತ್ತದೆ ಎಂದರೆ ಕೆಲಸ ಮರೆತು ನೋಡುತ್ತಾ ಕೂರಬೇಕೆನಿಸುತ್ತದೆ. ಎಷ್ಟೋ ಪ್ರಭೇದಗಳನ್ನು ಮೊಟ್ಟೆಯಿಂದಲೇ ಬೇರ್ಪಡಿಸಬಹುದು.

5. ಹಳೆಯದರ ಜೊತೆ ಹೋಲಿಕೆ

ಈಗ ಆ ಮುಕ್ಕಾಲು ಪಾಲಿನ ಕೆಲಸ. ನಿಯೋಪರ್ಲಾ ಕುಲವನ್ನು ಅಮೆರಿಕದ ಜೇಮ್ಸ್ ನೀಡಮ್ 1905ರಲ್ಲಿ ಹೆಸರಿಸಿದರು. ಅಲ್ಲಿಂದ ಈಚೆಗೆ ಏಷ್ಯಾದ ಪ್ರಭೇದಗಳನ್ನು ಬೇರೆ ಬೇರೆ ದೇಶದವರು ಬೇರೆ ಬೇರೆ ಭಾಷೆಗಳಲ್ಲಿ ಬರೆದಿದ್ದಾರೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಚೆಕ್ ವಿಜ್ಞಾನಿ ಫ್ರಾಂಟಿಶೆಕ್ ಕ್ಲಪಾಲೆಕ್ ಏಷ್ಯಾದ ಪರ್ಲಿಡೇ ಮೇಲೆ ಬಹಳ ಕೆಲಸ ಮಾಡಿದರು. ಆ ಕಾಲದ ವಿವರಣೆಗಳಲ್ಲಿ ತೊಂದರೆ ಏನೆಂದರೆ, ಹೆಚ್ಚಿನವುಗಳಲ್ಲಿ ಬಣ್ಣ ಮತ್ತು ರೆಕ್ಕೆಯ ನರಗಳ ಮಾತೇ ಇದೆ. ಒಳಗಿನ ಚೀಲದ ಮುಳ್ಳುಗಳ ಮಾತಿಲ್ಲ. ನಿಮ್ಮ ಹುಳ ಅದೇ ಹೌದೋ ಅಲ್ಲವೋ ಎಂದು ಓದಿ ತಿಳಿಯಲಾಗದು.

ಆಗ ಮೂಲ ಮಾದರಿಯನ್ನೇ, ಅಂದರೆ ಮೊದಲು ಹೆಸರಿಟ್ಟವರು ಆಧಾರವಾಗಿ ಇಟ್ಟುಕೊಂಡ ಹುಳವನ್ನೇ, ನೋಡಬೇಕು. ಅದು ಇರುವ ಸಂಗ್ರಹಾಲಯಕ್ಕೆ ಬರೆಯಿರಿ, ಚಿತ್ರ ಕೇಳಿ, ಸಾಧ್ಯವಾದರೆ ಹೋಗಿ ನೋಡಿ. ಕೋಲ್ಕತ್ತಾದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಸಂಗ್ರಹವನ್ನು ಮೊದಲು ವಿಚಾರಿಸಿ. ಜಗತ್ತಿನ ಎಲ್ಲ ಹೆಸರುಗಳ ಪಟ್ಟಿಗೆ ಪ್ಲೆಕಾಪ್ಟೆರಾ ಸ್ಪೀಸೀಸ್ ಫೈಲ್ ಎಂಬ ಜಾಲತಾಣ ಇದೆ, ಅಲ್ಲಿಂದ ಶುರು ಮಾಡಿ. ದಕ್ಷಿಣ ಭಾರತ, ಶ್ರೀಲಂಕಾ, ಈಶಾನ್ಯ ಭಾರತ, ಮ್ಯಾನ್ಮಾರ್ ಇಷ್ಟನ್ನಾದರೂ ಒಂದೂ ಬಿಡದೆ ನೋಡಿ. ಹಳ್ಳದ ಹುಳಕ್ಕೆ ರಾಜ್ಯದ ಗಡಿ ಗೊತ್ತಿಲ್ಲ.

ಈ ಹಂತದಲ್ಲಿ ಅವಸರ ಮಾಡಿದವರು ಇಟ್ಟ ಹೆಸರು ಪಟ್ಟಿಯಲ್ಲಿ ಬೇರೆ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಉಳಿಯುತ್ತದೆ. ಒಂದೇ ಪ್ರಭೇದಕ್ಕೆ ಎರಡು ಹೆಸರು ಬಿದ್ದರೆ ಮೊದಲು ಅಚ್ಚಾದದ್ದೇ ಉಳಿಯುವುದು ನಿಯಮ.

ಡಿಎನ್‌ಎ ಸಹಾಯ ಮಾಡುತ್ತದೆ. ಒಂದು ಕಾಲು ಸಾಕು. ಸಿಒಐ ಎಂಬ ಜೀನ್‌ನ ಸುಮಾರು 658 ಅಕ್ಷರದ ತುಣುಕನ್ನು ಓದಿಸಿ, ಡಿಎನ್‌ಎ ತುಣುಕುಗಳ ಸಾರ್ವಜನಿಕ ಸಂಗ್ರಹವಾದ ಜೀನ್‌ಬ್ಯಾಂಕ್‌ನಲ್ಲಿ ಇರುವವುಗಳ ಜೊತೆ ಹೋಲಿಸಿ. ಆದರೆ ಹೆಸರಿಸಿದ ಎಷ್ಟೋ ಪ್ರಭೇದಗಳ ತುಣುಕು ಅಲ್ಲಿ ಇಲ್ಲವೇ ಇಲ್ಲ. ಅಲ್ಲಿ ಹೊಂದಲಿಲ್ಲ ಎಂದ ಮಾತ್ರಕ್ಕೆ ಹೊಸದಾಗುವುದಿಲ್ಲ. ಗಂಡು, ಹೆಣ್ಣು, ಮರಿಗಳನ್ನು ಒಂದೇ ಪ್ರಭೇದವೆಂದು ಜೋಡಿಸಲು ಮಾತ್ರ ಇದು ತುಂಬಾ ಉಪಯೋಗಕ್ಕೆ ಬರುತ್ತದೆ. ಮಾದರಿಯನ್ನು ವಿದೇಶಕ್ಕೆ ಕಳುಹಿಸುವ ಯೋಚನೆ ಇದ್ದರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮಗಳನ್ನು ಮೊದಲು ಓದಿ.

6. ಮಾದರಿ ಆರಿಸಿ, ಚಿತ್ರ ಬರೆದು, ಮಾತಿನಲ್ಲಿ ಹೇಳುವುದು

ಇರುವ ಹುಳಗಳಲ್ಲಿ ಎಲ್ಲ ಅಂಗವೂ ಚೆನ್ನಾಗಿರುವ ಒಂದು ಗಂಡನ್ನು ಆರಿಸಿ. ಅದು ಹೋಲೋಟೈಪ್. ಇನ್ನು ಮುಂದೆ ಆ ಹೆಸರು ಯಾವ ಜೀವಿಗೆ ಸೇರಿದ್ದು ಎಂಬ ಪ್ರಶ್ನೆ ಬಂದಾಗಲೆಲ್ಲ ಈ ಒಂದು ಹುಳವನ್ನೇ ನೋಡುತ್ತಾರೆ. ಅದಕ್ಕೆ ಕೆಂಪು ಚೀಟಿ ಹಾಕುವ ರೂಢಿ ಇದೆ. ನೀವು ನೋಡಿದ ಉಳಿದವು ಪ್ಯಾರಾಟೈಪ್. ಅನುಮಾನ ಇರುವ ಹುಳವನ್ನು ಪ್ಯಾರಾಟೈಪ್ ಪಟ್ಟಿಗೆ ಸೇರಿಸಬೇಡಿ.

ಚಿತ್ರಕ್ಕೆ ಫೋಟೋ ಮತ್ತು ಗೆರೆಚಿತ್ರ ಎರಡೂ ಬೇಕು ಎಂಬುದು ನನ್ನ ಅಭಿಪ್ರಾಯ. ಬೇರೆ ಬೇರೆ ಆಳದಲ್ಲಿ ತೆಗೆದ ಫೋಟೋಗಳನ್ನು ಕಂಪ್ಯೂಟರ್‌ನಲ್ಲಿ ಜೋಡಿಸಿದರೆ ಬಣ್ಣ ಚೆನ್ನಾಗಿ ಬರುತ್ತದೆ. ಆದರೆ ಪಾರದರ್ಶಕ ಚೀಲದ ಮೇಲಿನ ಮುಳ್ಳು ಗೆರೆಯಲ್ಲೇ ಸ್ಪಷ್ಟ. ಬರೆಯುವಾಗ ಕಣ್ಣು ತಾನಾಗಿಯೇ ನಿಧಾನವಾಗುತ್ತದೆ, ಫೋಟೋದಲ್ಲಿ ತಪ್ಪಿದ್ದು ಕಾಣುತ್ತದೆ. ಪ್ರತಿ ಚಿತ್ರಕ್ಕೂ ಅಳತೆಯ ಗೆರೆ ಹಾಕಿ.

ಈಗ ಬರಹ. ಎರಡು ಭಾಗ ಮುಖ್ಯ. ವಿವರಣೆ ಉದ್ದ: ತಲೆಯಿಂದ ಬಾಲದವರೆಗೆ ಬಣ್ಣ, ಅಳತೆ, ಮುಂದಿನ ರೆಕ್ಕೆಯ ಉದ್ದ ಮಿಲಿಮೀಟರ್‌ಗಳಲ್ಲಿ, ಎಲ್ಲ ಅಂಗಗಳು. ಇನ್ನೊಂದು ಚಿಕ್ಕದು: ಈ ಪ್ರಭೇದವನ್ನು ಹತ್ತಿರದವುಗಳಿಂದ ಬೇರೆ ಮಾಡುವ ಗುರುತುಗಳು. ಪ್ರಾಣಿಗಳ ಹೆಸರಿನ ಅಂತರರಾಷ್ಟ್ರೀಯ ಸಂಹಿತೆ ಈ ಗುರುತುಗಳನ್ನು ಮಾತಿನಲ್ಲಿ ಹೇಳಲೇಬೇಕು ಎನ್ನುತ್ತದೆ. ಸುಮ್ನೆ ಚಿತ್ರ ಹಾಕಿ ಹೆಸರು ಕೊಟ್ಟರೆ ಆ ಹೆಸರು ನಿಲ್ಲುವುದಿಲ್ಲ.

“ಹತ್ತಿರದ ಪ್ರಭೇದಕ್ಕಿಂತ ತೀರಾ ಭಿನ್ನ” ಎಂದು ಬರೆಯಬೇಡಿ. ಅದರಿಂದ ಓದುವವರಿಗೆ ಏನೂ ಸಿಗುವುದಿಲ್ಲ. “ಚೀಲದ ತುದಿಯಲ್ಲಿ ಮುಳ್ಳುಗಳು ಒಂದೇ ಪಟ್ಟಿಯಲ್ಲಿವೆ, ಆ ಪ್ರಭೇದದಲ್ಲಿ ಎರಡು ಪಟ್ಟಿಗಳಿವೆ” ಎಂಬ ಥರ ಬರೆಯಿರಿ. ಇದು ನಾನು ಮಾದರಿಗೆ ಹೇಳಿದ ಸಾಲು. ಕೈಯಲ್ಲಿ ಹುಳ ಹಿಡಿದವರು ನಿಮ್ಮ ಸಾಲು ಓದಿ ಹೌದು ಅಥವಾ ಇಲ್ಲ ಎನ್ನುವಂತಿರಬೇಕು.

7. ಹೆಸರು

ಎಲ್ಲರಿಗೂ ಇಷ್ಟವಾದ ಹಂತ. ಹೆಸರು ಎರಡು ಪದದ್ದು, ಲ್ಯಾಟಿನ್ ಲಿಪಿಯಲ್ಲಿ. ಊರಿನ ಹೆಸರಿನಿಂದ ಮಾಡಿದರೆ ಕೊನೆಗೆ ‘ಎನ್ಸಿಸ್’ ಬರುವುದುಂಟು. ಗಂಡಸಿನ ಗೌರವಕ್ಕೆ ಇಟ್ಟರೆ ಕೊನೆಗೆ ‘ಇ’ ಸ್ವರ, ಹೆಂಗಸಿಗಾದರೆ ಎ ಮತ್ತು ಇ ಎರಡೂ ಅಕ್ಷರ ಸೇರಿದ ರೂಪ. ನಿಯೋಪರ್ಲಾ ಸ್ತ್ರೀಲಿಂಗ ಪದ, ಆದ್ದರಿಂದ ಲ್ಯಾಟಿನ್ ವಿಶೇಷಣ ಬಳಸಿದರೆ ಅದೂ ಸ್ತ್ರೀಲಿಂಗದಲ್ಲೇ ಇರಬೇಕು. ದಕ್ಷಿಣ ಭಾರತದಿಂದಲೇ 2007ರಲ್ಲಿ ವಿವರಿಸಿದ ನಿಯೋಪರ್ಲಾ ಬೈಸೀರಿಯಾಟಾ ನೋಡಿ. ಎರಡು ಸಾಲಿನದು ಎಂದು ಅರ್ಥ, ಕೊನೆಯಲ್ಲಿ ‘ಆ’.

ಕನ್ನಡ ಪದವನ್ನೂ ಇಡಬಹುದು. 2014ರಲ್ಲಿ ಉತ್ತರ ಕನ್ನಡದ ಕತ್ತಲೆಕಾನಿನಿಂದ ವಿವರಿಸಿದ ಕಪ್ಪೆಯ ಹೆಸರು ನಿಕ್ಟಿಬಾಟ್ರಾಕಸ್ ಕುಂಬಾರ. ಮೊಟ್ಟೆಗಳ ಮೇಲೆ ಮಣ್ಣು ಮೆತ್ತುವ ಕಪ್ಪೆ ಅದು. ಆ ಹೆಸರಿನಲ್ಲಿ ಅದರ ನಡತೆ ಇದೆ, ನೆಲ ಇದೆ, ಭಾಷೆ ಇದೆ. ಹೀಗೆ ಹೆಸರಾಗಿಯೇ ಇಟ್ಟ ಪದಕ್ಕೆ ಲಿಂಗದ ಪ್ರಕಾರ ಕೊನೆ ಬದಲಿಸಬೇಕಾಗಿಲ್ಲ. ಆ ಪದ ಎಲ್ಲಿಂದ ಬಂತು, ಯಾವ ರೀತಿಯ ಪದ ಎಂದು ಲೇಖನದಲ್ಲಿ ಬರೆದುಬಿಡಿ. ಹುಳಕ್ಕೆ ನಿಮ್ಮದೇ ಹೆಸರನ್ನು ನೀವು ಇಡಬೇಡಿ. ಸಂಹಿತೆ ತಡೆಯುವುದಿಲ್ಲ, ಆದರೆ ಯಾರೂ ಹಾಗೆ ಮಾಡುವುದಿಲ್ಲ.

8. ಅಚ್ಚಿಗೆ

ಝೂಟ್ಯಾಕ್ಸಾ ಪತ್ರಿಕೆ ಇದೆ. ಸ್ಟೋನ್‌ಫ್ಲೈಗಳಿಗೇ ಮೀಸಲಾದ ಇಲ್ಲೀಸಿಯಾ ಇದೆ. ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಮಾಡುವವರ ಹತ್ತಿರ ಹೋಗಬೇಡಿ. ಈ ಗುಂಪು ಬಲ್ಲವರು ಓದಿ ತಿದ್ದುವ ಕಡೆ ಕಳುಹಿಸಿ, ಆ ತಿದ್ದುಪಡಿಗಳಿಂದ ಕಲಿಯುವುದು ಬಹಳ ಇದೆ.

ಸಂಹಿತೆಯ ಕೆಲವು ಷರತ್ತುಗಳಿವೆ. ಇದು ಹೊಸ ಪ್ರಭೇದ ಎಂದು ಲೇಖನದಲ್ಲಿ ಸ್ಪಷ್ಟವಾಗಿ ಹೇಳಿರಬೇಕು. ಹೋಲೋಟೈಪ್ ಯಾವುದು, ಯಾವ ಸಂಗ್ರಹದಲ್ಲಿ ಇದೆ ಅಥವಾ ಇಡುತ್ತೀರಿ ಎಂದು ಬರೆದಿರಬೇಕು. ಪತ್ರಿಕೆ ಆನ್‌ಲೈನ್ ಮಾತ್ರ ಆಗಿದ್ದರೆ, 2012ರ ತಿದ್ದುಪಡಿಯ ಪ್ರಕಾರ, ಲೇಖನವನ್ನು ಪ್ರಾಣಿಗಳ ಹೆಸರುಗಳ ನೋಂದಣಿ ತಾಣವಾದ ಝೂಬ್ಯಾಂಕ್‌ನಲ್ಲಿ ಮೊದಲೇ ನೋಂದಾಯಿಸಿ, ಆ ನೋಂದಣಿಯ ಪುರಾವೆಯನ್ನು ಲೇಖನದೊಳಗೇ ಕೊಡಬೇಕು. ಇದು ತಪ್ಪಿದರೆ ಲೇಖನ ಎಷ್ಟು ಚೆನ್ನಾಗಿದ್ದರೂ ಹೆಸರು ಸಿಂಧುವಾಗುವುದಿಲ್ಲ. ಅಚ್ಚಾಗುವ ತನಕ ಹೊಸ ಹೆಸರನ್ನು ಪತ್ರಿಕಾ ವರದಿಗೂ ವಾಟ್ಸ್‌ಆ್ಯಪ್‌ಗೂ ಕೊಡಬೇಡಿ.

ಭಾರತದಲ್ಲಿ ಇನ್ನೊಂದು ಕರ್ತವ್ಯವೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯ 39ನೇ ಕಲಂ ಪ್ರಕಾರ ಹೊಸ ಪ್ರಭೇದ ಸಿಕ್ಕರೆ ಸರ್ಕಾರ ಗೊತ್ತುಮಾಡಿದ ಸಂಗ್ರಹಕ್ಕೆ ತಿಳಿಸಿ ಮಾದರಿ ಕೊಡಬೇಕು. ಪ್ರಾಣಿಗಳ ವಿಷಯದಲ್ಲಿ ಅಂಥ ಒಂದು ಸಂಗ್ರಹ ಪ್ರಾಣಿ ಸರ್ವೇಕ್ಷಣಾಲಯ. ಹೋಲೋಟೈಪನ್ನು ನಿಮ್ಮ ಕಪಾಟಿನಲ್ಲಿ ಇಟ್ಟುಕೊಳ್ಳಬೇಡಿ. ಎಥನಾಲ್ ಆರುತ್ತದೆ, ಮನೆ ಬದಲಾಗುತ್ತದೆ, ಮುಂದೆ ಬಂದು ಕೇಳುವವರಿಗೆ ಅದು ಸಿಗುವುದಿಲ್ಲ. ಸಂಗ್ರಹದ ನೋಂದಣಿ ಸಂಖ್ಯೆ ಸಿಕ್ಕ ಮೇಲೆ ಅದನ್ನು ಲೇಖನದಲ್ಲಿ ಸೇರಿಸಿ.

ಅಚ್ಚಾದ ಮೇಲೆ ಪಿಡಿಎಫ್ ಪ್ರತಿಯನ್ನು ಅನುಮತಿ ಕೊಟ್ಟ ಕಚೇರಿಗೆ ಕಳುಹಿಸಿ. ಹಳ್ಳದ ಹೆಸರು ಹೇಳಿಕೊಟ್ಟ ಊರಿನವರಿಗೆ ಚಿತ್ರ ಇರುವ ಪುಟ ಮುದ್ರಿಸಿ ಕೊಡಿ, ಏನಿದೆ ಎಂದು ಕನ್ನಡದಲ್ಲಿ ಹೇಳಿ. ಗಂಡು ಸಿಗದೆ ಉಳಿದ ಹೆಣ್ಣುಗಳು, ಯಾವುದಕ್ಕೂ ಹೊಂದದ ಮರಿಗಳು ನಿಮ್ಮ ಹತ್ತಿರ ಇದ್ದೇ ಇರುತ್ತವೆ. ಅವನ್ನು ಬಿಸಾಡಬೇಡಿ. ‘ನಿಯೋಪರ್ಲಾ, ಪ್ರಭೇದ ಗೊತ್ತಿಲ್ಲ’ ಎಂದು ಪೆನ್ಸಿಲ್‌ನಲ್ಲಿ ಬರೆದು, ಪೂರ್ತಿ ವಿವರದ ಚೀಟಿಯ ಜೊತೆ ಅದೇ ಸಂಗ್ರಹಕ್ಕೆ ಕೊಡಿ. ಮುಂದಿನ ವರ್ಷ ಅದೇ ತಿಂಗಳು, ಅದೇ ಹಳ್ಳದ ಪಕ್ಕ, ಪಂಚೆ ಮತ್ತು ದೀಪ ತೆಗೆದುಕೊಂಡು ಹೋಗಿ ಕೂತುಕೊಳ್ಳಿ.